ಕಾಮೆಂಟ್ರಿಯವನ ಪಕ್ಕದ ಕುರ್ಚಿ

ನಾನು ಸುಮ್ಮನೆ ಕೂತವಳು. ಯಾರಾದರೂ ಬಂದು ಬಾಯಿ ಬಿಡಿಸುತ್ತಾರೆ, ಆಮೇಲೆ ಈ ಮುದುಕಿಯ ಬಾಯಿ ಸರಿಯಿಲ್ಲ ಎನ್ನುತ್ತಾರೆ. ಸಿದ್ದಾಪುರದಲ್ಲಿ ಇರುವಷ್ಟು ದಿನ ಇದು ನನಗೆ ತಪ್ಪಿದ್ದಲ್ಲ.

೧. ಎಲ್ಲರಿಗೂ ಒಂದೇ ಹೆಸರು

ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಗಳು ಫೋನಿನಲ್ಲಿ ಆಟ ತೋರಿಸುವ ಚಾನೆಲ್ ಮಾಡಿದ್ದಾಳೆ. ಕುಟುಂಬ ಕುಟುಂಬಗಳ ನಡುವಿನ ಹಾಕಿ ಪಂದ್ಯ ಹಾಕುತ್ತಾಳೆ. ಕಾಮೆಂಟ್ರಿಗೆ ಮೈಸೂರಿನವನನ್ನು ಕರೆಸಿದಳು. ಒಂದು ತಂಡ ಅಂದರೆ ಇಲ್ಲಿ ಒಂದೇ ಮನೆತನ. ಚಿಕ್ಕಪ್ಪ, ಅಣ್ಣ, ತಮ್ಮ, ಸೊಸೆ, ಎಲ್ಲರ ಬೆನ್ನ ಮೇಲೂ ಒಂದೇ ಮನೆಹೆಸರು. ಪಾಪ, ಅದನ್ನೇ ಕೂಗಿ ಕೂಗಿ ಅವನ ಗಂಟಲು ಕಟ್ಟಿತು.

"ಅಜ್ಜಿ, ಇವರ ಪಕ್ಕ ಕೂತು ಯಾರು ಯಾರು ಅಂತ ಹೇಳಿಕೊಡಿ" ಎಂದಳು.

"ನನಗೆ ಹಾಕಿ ಗೊತ್ತಿಲ್ಲ ಮಗಾ."

"ಜನ ಗೊತ್ತಲ್ಲ?"

ಅದೊಂದು ಕೇಳಬಾರದಿತ್ತು.

೨. ಚೆಂಡು ಕೊಡದ ಅಣ್ಣ

"ಚೆಂಡು ಯಾರ ಹತ್ತಿರ?" ಎಂದು ಕಾಮೆಂಟ್ರಿಯವನು ಕೇಳಿದ.

"ತಿತಿಮತಿಯ ಹುಡುಗಿಯನ್ನು ನಿಶ್ಚಯ ಮಾಡಿಕೊಂಡು ಕೈಬಿಟ್ಟವನ ಹತ್ತಿರ."

ಕಿವಿಯಲ್ಲಿ ಹೇಳಿದ್ದು ನಾನು. ಆ ಮಹಾರಾಯ ಮೈಕಿನಲ್ಲಿ, "ನಿಶ್ಚಿತಾರ್ಥ ಮುರಿದವರು ಮುನ್ನುಗ್ಗುತ್ತಿದ್ದಾರೆ! ಗೋಲಿನ ಎದುರು ಅವರ ತಮ್ಮ! ಕೊಡುತ್ತಾರಾ?" ಎಂದು ಕಿರುಚಿದ.

"ಎಲ್ಲಿ ಕೊಡುತ್ತಾನೆ? ತೋಟದ ಪಾಲಿಗೆ ಇಬ್ಬರೂ ಕೋರ್ಟಿನಲ್ಲಿದ್ದಾರೆ."

ಅದನ್ನೂ ಹೇಳಿಬಿಟ್ಟ. ಅಣ್ಣ ಕೊಡಲಿಲ್ಲ, ಗೋಲೂ ಆಗಲಿಲ್ಲ. ಗ್ಯಾಲರಿಯಲ್ಲಿ ಫೋನ್ ಹಿಡಿದು ಕೇಳುತ್ತಿದ್ದ ಆ ಅಣ್ಣತಮ್ಮಂದಿರ ಸೋದರತ್ತೆ ಛತ್ರಿ ಎತ್ತಿಕೊಂಡು ನನ್ನ ಮೇಲೆ ಬಂದಳು. ರೈಟರ್ ಮಗಳು ಮಾತ್ರ ಕುಣಿಯುತ್ತಿದ್ದಳು: "ಅಜ್ಜಿ, ಇಷ್ಟು ಜನ ಯಾವತ್ತೂ ನೋಡಿರಲಿಲ್ಲ!"

ಜನ ಅವಳಿಗೆ, ಛತ್ರಿ ನನಗೆ.

೩. ಬಿಳಿ ಬೂಟಿನವನು

ಜನ ನೋಡಿದರೆ ಸಾಕೇ? ಕ್ಯಾಮೆರಾ ಬಾಡಿಗೆಗೂ ಗತಿಯಿಲ್ಲದೆ ಚಾನೆಲ್ ಮುಚ್ಚುವ ಹಾಗಾಗಿತ್ತು. ಬೆಂಗಳೂರಿನಿಂದ ಹಣ ಹಾಕುವವನೊಬ್ಬ, ಫೈನಲ್ ನೋಡಿ ಸಹಿ ಹಾಕುತ್ತೇನೆಂದು ಬಂದ.

"ಅಜ್ಜಿ, ಕೈಮುಗಿಯುತ್ತೇನೆ, ಇವತ್ತು ಆಟದವರನ್ನು ಬಿಟ್ಟು ಬೇರೆ ಯಾರ ಸುದ್ದಿಯೂ ಬೇಡ" ಎಂದಳು.

ನಾನೆಲ್ಲಿ ಎತ್ತಿದೆ? ಕಾಮೆಂಟ್ರಿಯವನೇ ಕೇಳಿದ, "ಗೆರೆಯ ಪಕ್ಕ ಬಿಳಿ ಬೂಟಿನವರು ಯಾರು?"

"ಅವನಾ? ಹಣ ಹಾಕುವವನು. ಶಿರಂಗಾಲದ ನನ್ನ ತಂಗಿಯ ಮೊಮ್ಮಗಳು ಕೆಲಸಕ್ಕಿದ್ದ ಕಂಪನಿಗೂ ಹಾಕಿದ್ದ. ಆಮೇಲೆ ಅದನ್ನು ಕಟ್ಟಿದವಳನ್ನೇ ಹೊರಗೆ ತಳ್ಳಿ ತನ್ನ ಭಾವಮೈದುನನನ್ನು ಕೂರಿಸಿದ."

ಅಭ್ಯಾಸಬಲ ನೋಡಿ, ಒಂದಕ್ಷರ ಬಿಡದೆ ಮೈಕಿಗೆ ಒಪ್ಪಿಸಿದ. ಫೋನಿನಲ್ಲಿ ಮಾತು ತುಸು ತಡವಾಗಿ ಬರುತ್ತದಂತೆ. ಬಿಳಿ ಬೂಟಿನವನು ಫೋನ್ ನೋಡಿ ನಗುತ್ತಾ ನಿಂತಿದ್ದ. ಆಮೇಲೆ ನಗು ನಿಂತಿತು. ಆಮೇಲೆ ಕಾರು ಹೊರಟಿತು.

"ನನ್ನ ಚಾನೆಲ್ ಮುಗಿಯಿತು ಅಜ್ಜಿ" ಎಂದು ರೈಟರ್ ಮಗಳು ಅತ್ತಳು.

ಮಾರನೆಯ ಬೆಳಿಗ್ಗೆ ಅವಳ ಬಾಗಿಲಲ್ಲಿ ಪೇಟೆಗೆ ಪೇಟೆಯೇ ನಿಂತಿತ್ತು. ಮೆಣಸಿನ ವ್ಯಾಪಾರಿ, ಚಿನ್ನದಂಗಡಿಯವನು, ಬೇಕರಿಯವನು. ಎಲ್ಲರಿಗೂ ಚಾನೆಲಿಗೆ ಜಾಹೀರಾತು ಕೊಡಬೇಕಂತೆ. ಷರತ್ತು ಒಂದೇ: ಅಜ್ಜಿ ನಮ್ಮ ಮನೆಯ ಸುದ್ದಿ ಎತ್ತಬಾರದು.

ಈಗ ಅವಳಿಗೆ ಸ್ವಂತ ಕ್ಯಾಮೆರಾ ಇದೆ. ಬೇಕರಿಯವನ ಹಣ ತಡವಾದರೆ ಅವನಿಗೆ ಫೋನ್ ಹಚ್ಚಿ, ನನ್ನ ಕಡೆ ತಿರುಗಿ ಜೋರಾಗಿ ಕೇಳುತ್ತಾಳೆ: "ಅಜ್ಜಿ, ಬೇಕರಿಯವರ ದೊಡ್ಡ ಮಗಳ ವಿಷಯ ಏನೋ ಹೇಳುತ್ತಿದ್ದಿರಲ್ಲ?"

ನಾನಿನ್ನೂ ಬಾಯಿ ತೆರೆದಿರುವುದಿಲ್ಲ, ಹಣ ಬಂದಿರುತ್ತದೆ.