ಉಗ್ರಾಣದ ಅಧಿಕಾರಿಯೂ ರಟ್ಟಿನ ಪೆಟ್ಟಿಗೆಯೂ

ನನ್ನ ಷಡ್ಡಕರು, ಅಂದರೆ ನನ್ನ ಮಡದಿಯ ಅಕ್ಕನ ಗಂಡ, ಎಂದಾದರೊಂದು ದಿನ ಸ್ವರ್ಗ ಸೇರಿದರೆ ಅಲ್ಲಿನ ಅಪ್ಸರೆಯರ ಪಾಡೇನು ಎಂಬ ಚಿಂತೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅವರನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೊಂದು ಕ್ರಮಾಂಕ ಅಂಟಿಸದೆ ಈ ಮಹಾನುಭಾವರು ಒಳಗೆ ಕಾಲಿಡುವವರಲ್ಲ. ಕಲ್ಪವೃಕ್ಷದ ಕೆಳಗೆ ಉದುರಿದ ಎಲೆಗಳ ಗತಿಯಂತೂ ಕೇಳಲೇಬೇಡಿ!

ಇವರು ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸ್ಟೋರ್ಸ್ ಆಫೀಸರಾಗಿದ್ದವರು. ಬೋಲ್ಟು, ನಟ್ಟು, ವಾಷರುಗಳ ಮೇಲೆ ನಡೆಸಿದ ಆಳ್ವಿಕೆಯನ್ನು ನಿವೃತ್ತಿಯ ನಂತರ ಮನುಷ್ಯರ ಮೇಲೆ ಮುಂದುವರಿಸಿದರು, ಅಷ್ಟೇ. ಬೆಸೆಂಟ್ ನಗರದ ಅವರ ಮನೆಯಲ್ಲಿ ಚಪ್ಪಲಿಗೂ ನಂಬರು, ಛತ್ರಿಗೂ ನಂಬರು. ಅಡುಗೆಮನೆಯ ಪ್ರತಿ ಡಬ್ಬಿಗೂ ಚೀಟಿ. ಏನೂ ಇಲ್ಲದ ಡಬ್ಬಿಗೆ ‘ಖಾಲಿ’ ಎಂಬ ಚೀಟಿ. ಸಕ್ಕರೆ ಕಾಯಿಲೆಯ ಗಂಡನ ಕಣ್ಣಿಗೆ ಬೀಳದಂತೆ ಅತ್ತಿಗೆ ಕೊಬ್ಬರಿ ಮಿಠಾಯಿ ಬಚ್ಚಿಡುವುದು ಆ ಡಬ್ಬಿಯಲ್ಲೇ. ವರ್ಷಗಳಿಂದ ಒಮ್ಮೆಯೂ ಸಿಕ್ಕಿಬಿದ್ದಿಲ್ಲ. ತಾವೇ ಬರೆದದ್ದನ್ನು ಅನುಮಾನಿಸುವ ದೌರ್ಬಲ್ಯ ನಮ್ಮ ರಾಯರಿಗಿಲ್ಲ.

ಸಂಜೆ ಸಮುದ್ರತೀರದ ಕಲ್ಲುಬೆಂಚಿನ ಮೇಲೆ ಇವರ ಗೆಳೆಯರು ಕೂರುವುದು ನಿವೃತ್ತಿಯಾದ ವರ್ಷದ ಕ್ರಮದಲ್ಲಿ. ಒಮ್ಮೆ ಹೊಸಬರೊಬ್ಬರು ಬಂದರು. ವಿಚಾರಿಸಲಾಗಿ ಎಲ್ಲರಿಗಿಂತ ಮೊದಲು ನಿವೃತ್ತರಾದವರೆಂದು ತಿಳಿಯಿತು. ಎಲ್ಲರೂ ಒಂದೊಂದು ಸ್ಥಾನ ಸರಿದರು. ತುದಿಯಲ್ಲಿದ್ದವರು ಮರಳಿನ ಮೇಲೆ ಬಿದ್ದರು. ರಾಯರ ಪ್ರಕಾರ ಅದು ಬೆಂಚಿನ ದೋಷ.

ಇಂಥವರ ಕೈಗೆ ನನ್ನ ಮಗಳು ತನ್ನ ಮಗಳನ್ನು ಒಪ್ಪಿಸಿದಳೆಂದರೆ ಅವಳ ಹತಾಶೆ ಎಷ್ಟಿದ್ದಿರಬೇಕು! ಅಳಿಯನಿಗೆ ಬ್ಯಾಂಕಿನ ಕೆಲಸ. ತಿರುಚ್ಚಿ, ಕೊಯಮತ್ತೂರು ಮುಗಿಸಿ ಅವರು ಕ್ರೋಂಪೇಟೆಗೆ, ನಮ್ಮ ಪಕ್ಕದ ಬೀದಿಗೇ ಬಂದದ್ದು ಹೊಸ ಸಹಸ್ರಮಾನವೆಂದು ಊರೆಲ್ಲ ಪಟಾಕಿ ಹೊಡೆದ ವರ್ಷ. (ಲೆಕ್ಕದ ಪ್ರಕಾರ ಸಹಸ್ರಮಾನಕ್ಕೆ ಇನ್ನೂ ಒಂದು ವರ್ಷ ಬಾಕಿಯಿತ್ತು, ಪಟಾಕಿ ಹೊಡೆಯುವವರು ಲೆಕ್ಕ ಕೇಳುವುದಿಲ್ಲ.) ಬಂದು ಮೂರು ತಿಂಗಳಾದರೂ ಒಂಬತ್ತು ವರ್ಷದ ಅನಘಾಳ ಸಾಮಾನೆಲ್ಲ ಸಾಗಣೆಯ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು. ಗೋಡೆಯ ಕಪಾಟು ಬರಿದಾಗಿತ್ತು.

“ದೊಡ್ಡಪ್ಪಾ, ನೀವಾದ್ರೂ ಇವಳಿಗೆ ಜೋಡಿಸಿಟ್ಕೊಳ್ಳೋದು ಕಲಿಸಿ. ದಿನಾ ಬೆಳಿಗ್ಗೆ ಸ್ಕೂಲ್ ವ್ಯಾನು ಹಾರ್ನ್ ಹೊಡೀತಿರತ್ತೆ, ಇವಳು ಪೆಟ್ಟಿಗೆ ಒಳಗೆ ತಲೆ ಹಾಕ್ಕೊಂಡು ಸಾಕ್ಸ್ ಹುಡುಕ್ತಿರ್ತಾಳೆ.”

“ನಾಲ್ಕು ಭಾನುವಾರ ಕೊಡು ನಂಗೆ,” ಎಂದರು ರಾಯರು.

“ರಾಯರೇ, ಅವಳು ವಾಷರ್ ಅಲ್ಲ,” ಎಂದೆ ನಾನು.

“ವಾಷರ್ ಆಗಿದ್ರೆ ಒಂದೇ ಭಾನುವಾರ ಸಾಕಿತ್ತು.”

ಪಾಠ ಆರಂಭವಾದದ್ದು ಶನಿವಾರವೆಂದು ನನ್ನ ದಿನಚರಿ ಹೇಳುತ್ತದೆ. ಭಾನುವಾರವೆಂದು ನನ್ನ ಮಡದಿ ಹೇಳುತ್ತಾಳೆ. ಪಲ್ಲಾವರಂ ಸಂತೆಯಿಂದ ತಂದ ಬದನೆಕಾಯಿ ಆ ದಿನ ಮುಗಿದಿತ್ತೆಂಬುದು ಅವಳ ಪುರಾವೆ. ಸಂತೆ ಶುಕ್ರವಾರ, ನಮ್ಮ ಮನೆಯಲ್ಲಿ ಬದನೆಕಾಯಿಯ ಆಯುಸ್ಸು ಎರಡು ದಿನ. ದಿನಚರಿಯನ್ನು ತಿದ್ದಿಕೊಂಡಿದ್ದೇನೆ. ಭಾನುವಾರವೇ ಸರಿ.

ರಾಯರು ಗೋಂದಿನ ಶೀಶೆ, ಉಕ್ಕಿನ ಸ್ಕೇಲು, ಚೀಟಿಗಳ ಕಟ್ಟು ಹಿಡಿದು ಬಂದಿಳಿದರು. ಕಪಾಟಿನ ಅರೆಗಳನ್ನು ಅಳೆದು ಪೆಟ್ಟಿಗೆಯ ಸಾಮಾನನ್ನೆಲ್ಲ ಅಲ್ಲಿ ಜೋಡಿಸಿದರು. ಪೆನ್ಸಿಲ್, ಬೊಂಬೆ, ರಿಬ್ಬನ್ನುಗಳಿಗೆ ಒಂದೊಂದು ಲೆಕ್ಕದ ಕಾರ್ಡು ತೆರೆದರು. ಇನ್ನು ಮುಂದೆ ತನ್ನದೇ ರಬ್ಬರು ಬೇಕಾದರೂ ಆ ಮಗು ಚೀಟಿ ಬರೆದು ಮಂಜೂರು ಮಾಡಿಸಿಕೊಳ್ಳಬೇಕು: ಬೇಕಾದ ವಸ್ತು, ಎಷ್ಟು, ಕಾರಣ, ಸಹಿ. ಮೊದಲ ಎರಡು ಚೀಟಿಗಳನ್ನು ಸಹಿಯಿಲ್ಲವೆಂದು ತಿರಸ್ಕರಿಸಿದರು. ಇಂಥ ಮನುಷ್ಯನ ಕೈಕೆಳಗೆ ಒಂದು ಇಡೀ ಕಾರ್ಖಾನೆ ಹೇಗೆ ನಡೆಯಿತೋ, ನಾನರಿಯೆ.

ಮೂರನೆಯ ಚೀಟಿಯಲ್ಲಿ ಎಲ್ಲವೂ ಕ್ರಮಬದ್ಧವಾಗಿತ್ತು. ಬೇಕಾದ ವಸ್ತು: ದೊಡ್ಡ ತಾತನ ಚಪ್ಪಲಿ. ಎಷ್ಟು: ಒಂದು ಜೊತೆ. ಕಾರಣ: ದೊಡ್ಡ ತಾತ ಮನೆಗೆ ಹೋಗಲು.

ತಪ್ಪೇನೂ ಇರಲಿಲ್ಲವಾದ್ದರಿಂದ ಅವರು ಮಂಜೂರು ಮಾಡಿ ಹೊರಟುಹೋದರು.

ಮುಂದಿನ ಭಾನುವಾರ ಬಂದು ನೋಡುತ್ತಾರೆ, ಸಾಮಾನೆಲ್ಲ ಮತ್ತೆ ಪೆಟ್ಟಿಗೆಯಲ್ಲಿ! ಮತ್ತೆ ಜೋಡಿಸಿದರು. ಅದರ ಮುಂದಿನ ವಾರವೂ ಅದೇ ಕಥೆ. ಅವಳು ರಾತ್ರೋರಾತ್ರಿ ಅಲ್ಲ, ಅವರು ರೈಲು ಹತ್ತುವುದರೊಳಗೇ ತುಂಬಿಡುತ್ತಿದ್ದಳಂತೆ. ನನಗಂತೂ ಪರಮಾನಂದ. “ಹೇಗೆ ನಡೀತಿದೆ ನಿಮ್ಮ ಉಗ್ರಾಣ?” ಎಂದು ವಾರವಾರವೂ ಕೇಳಿದೆ. ಅವರು ವಾರವಾರವೂ ಹೊಸ ಚೀಟಿಗೆ ಗೋಂದು ಬಳಿದರು.

ಕೊಟ್ಟ ನಾಲ್ಕು ಭಾನುವಾರಗಳು ಮುಗಿದವು. ಐದನೆಯದಕ್ಕೆ ಅವರು ಬರಿಗೈಯಲ್ಲಿ ಬಂದರು. ಅವರ ಸೋಲನ್ನು ಕಣ್ಣಾರೆ ಕಾಣಲೆಂದು ನಾನೂ ಹೋಗಿ ಕುರ್ಚಿ ಹಾಕಿಕೊಂಡು ಕುಳಿತೆ. ರಾಯರು ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

“ಯಾಕಮ್ಮ, ಪ್ರತಿ ಸಲ ವಾಪಸ್ ತುಂಬಿಡ್ತೀಯಲ್ಲ?”

ಅನಘಾ ಅಡುಗೆಮನೆಯತ್ತ ಒಮ್ಮೆ ನೋಡಿದಳು. ಅಮ್ಮ ಅಲ್ಲಿಯೇ ಇದ್ದಾಳೆಂದು ಖಾತ್ರಿಯಾದ ಮೇಲೆ ಶಾಲೆಯ ತಮಿಳಿನಲ್ಲಿ ಮೆಲ್ಲಗೆ ಹೇಳಿದಳು, “ಎಲ್ಲಾಂ ಎಡುತ್ತು ವೆಚ್ಚಾ ಅಪ್ಪಾವುಕ್ಕು ಟ್ರಾನ್ಸ್‌ಫರ್ ವಂದುಡುಂ.”

ಎಲ್ಲ ತೆಗೆದು ಜೋಡಿಸಿಟ್ಟರೆ ಅಪ್ಪನಿಗೆ ವರ್ಗವಾಗಿಬಿಡುತ್ತದಂತೆ. ತಿರುಚ್ಚಿಯಲ್ಲಿ ಕಪಾಟಿಗೆ ನಕ್ಷತ್ರ ಅಂಟಿಸಿದ ವಾರವೇ ಆಯಿತು. ಕೊಯಮತ್ತೂರಿನಲ್ಲಿ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದಳು, ಅಲ್ಲಿಯೂ ಆಯಿತು. “ಇಂಗೆ ರೇವತಿ ಇರ್ಕಾ,” ಎಂದಳು. ಇಲ್ಲಿ ರೇವತಿ ಇದ್ದಾಳೆ. ತರಗತಿಯಲ್ಲಿ ಪಕ್ಕದಲ್ಲಿ ಕೂರುವವಳು. (ಮಗಳ ಹಳೆಯ ಪತ್ರಗಳನ್ನು ತೆಗೆದು ನಾನು ಆಮೇಲೆ ತಾಳೆ ನೋಡಿದೆ. ‘ಅನಘಾ ಅಂತೂ ಕಪಾಟು ಜೋಡಿಸಿದಳು’ ಎಂಬ ಪತ್ರದ ಹಿಂದೆಯೇ ವರ್ಗದ ಸುದ್ದಿಯ ಪತ್ರ, ಎರಡು ಊರಿನಿಂದಲೂ. ಮಗು ತಪ್ಪು ಹೇಳಿರಲಿಲ್ಲ.)

ಈಗ ರಾಯರು ಕಾರ್ಯಕಾರಣಗಳ ಮೇಲೆ ಒಂದು ಗಂಟೆ ಉಪನ್ಯಾಸ ಬಿಗಿಯುತ್ತಾರೆಂದು ನಾನು ಕಾದೆ. ಅವರೋ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿ, ಒಳಗಿನದು ಚೆಲ್ಲದಂತೆ ಮೆಲ್ಲಗೆ ಮಗ್ಗುಲಾಗಿ ಮಲಗಿಸಿ, ಅದರ ಬಾಯನ್ನು ಅವಳ ಕಡೆಗೆ ತಿರುಗಿಸಿದರು.

“ನೋಡು, ಎಲ್ಲಾ ಪೆಟ್ಟಿಗೆಯಲ್ಲೇ ಇದೆ. ನಾವೇನೂ ಹೊರಗೆ ತೆಗೆದಿಲ್ಲ. ಒಳಗೇ ಜೋಡಿಸ್ಕೋ.”

ಅವಳು ಯೋಚಿಸಿದಳು. “ಅವಂಗಳುಕ್ಕು ತೆರಿಯಾದಾ?” ವರ್ಗ ಮಾಡುವವರಿಗೆ ಗೊತ್ತಾಗುವುದಿಲ್ಲವೇ ಎಂದು.

“ಯಾರಿಗೂ ಗೊತ್ತಾಗಲ್ಲ,” ಎಂದರು ರಾಯರು, ಬಹಳ ಸಣ್ಣ ದನಿಯಲ್ಲಿ.

ಅವಳು ಬಗ್ಗಿ ಕೆಲಸ ಶುರುಮಾಡಿದಳು. ಪುಸ್ತಕಗಳು ಒಂದು ಬದಿಗೆ, ಸಾಕ್ಸ್ ಒಂದು ಬದಿಗೆ, ನಡುವೆ ಬೊಂಬೆ. ರಾಯರು ಒಂದನ್ನೂ ಸರಿಪಡಿಸಲಿಲ್ಲ. ಮೂರು ಊರು ಸುತ್ತಿದ ರಟ್ಟು, ಮೇಲ್ಭಾಗ ಕುಸಿಯತೊಡಗಿತು. ಅವರು ಅಂಗೈ ಒಳಗಿಟ್ಟು ಅದನ್ನು ಎತ್ತಿ ಹಿಡಿದರು. ಮಂಡಿನೋವಿನ ಮನುಷ್ಯ, ಕಾಲು ಮಡಚಲಾಗದೆ ಒಂದು ಕಡೆಗೆ ವಾಲಿ ಕುಳಿತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, “ಕೈ ಬಿಡಬಹುದಾ ಅಮ್ಮಾ?”

“ಇನ್ನೊಂಚೂರು ಹಿಡ್ಕೊಳ್ಳಿ, ದೊಡ್ಡ ತಾತ.”

ಅವರು ಹಿಡಿದುಕೊಂಡರು.