ಬಲಬದಿಗೆ ಒಂದು ಎಮ್ಮೆ

ಲಾಂಚು ನೀರಿನಲ್ಲಿರುವಾಗ ಯಾರೂ ಒಂದೇ ಬದಿಯಲ್ಲಿ ಗುಂಪುಗೂಡತಕ್ಕದ್ದಲ್ಲ. ಹಿನ್ನೀರಿನ ಸಣ್ಣ ಲಾಂಚಿನ ಮೇಲ್ವಿಚಾರಕ ಪೂರ್ಣೇಶ್ ಈ ನಿಯಮವನ್ನು ತಾವೇ ಮುಂದೆ ನಿಂತು ಹಲಗೆಯ ಮೇಲೆ ಬರೆಸಿ, ಚಾಲಕನ ತಲೆಯ ಮೇಲೆ ತೂಗುಹಾಕಿಸಿದ್ದರು.

ಸೇತುವೆ ಆದಮೇಲೆ ಲಾಂಚಿಗೆ ಉಳಿದದ್ದು ದುಗ್ಗಮ್ಮನ ಕೇರಿಯವರು ಮಾತ್ರ. ಅವರಿಗೆ ಸೇತುವೆ ಸುತ್ತು ದಾರಿ. ಜನರನ್ನು ದಾಟಿಸುವ ಬಾಬ್ತಿನಲ್ಲಿ ಅನುದಾನ ನಿಂತಿತ್ತು, ಜಲಗಡಿ ಕಾವಲಿನ ಬಾಬ್ತಿನಲ್ಲಿ ಖರ್ಚಾಗದೆ ಕೊಳೆಯುತ್ತಿತ್ತು. ಹೀಗಾಗಿ ಲಾಂಚನ್ನು ಯುದ್ಧನೌಕೆ ಮಾಡುವುದೇ ಸಹಜವೆಂದು ಎಲ್ಲರಿಗೂ ತೋರಿತು. ಹಾಗೆ ಮಾಡಿಸಿಕೊಟ್ಟರೆ ಪೂರ್ಣೇಶರಿಗೆ ಅವರು ಬಯಸಿದ ಸಾಗರ ಪೇಟೆಗೆ ವರ್ಗ ಸಿಗುವುದಿತ್ತು.

ಪರಿಶೀಲನಾ ಸಮಿತಿ ನಡುನೀರಿನಲ್ಲೇ ಸಭೆ ಸೇರಿತು. ಅಂದಿಗೆ ಅದೊಂದೇ ಟ್ರಿಪ್ಪು; ಹಾಗಾಗಿ ಮೇವು ಬಿಟ್ಟ ತುಂಬುಗಬ್ಬದ ಎಮ್ಮೆಯನ್ನು ದನದ ಆಸ್ಪತ್ರೆಗೆ ಹೊರಡಿಸಿದ್ದ ದುಗ್ಗಮ್ಮನೂ ಹತ್ತಿದ್ದಳು.

"ಸರಕಿನ ಹಡಗಿಗೆ ತೋಪು ಕೂರಿಸಿ ಯುದ್ಧ ಮಾಡಿದ ದೇಶಗಳಿವೆ," ಎಂದರು ತೀರ್ಥಹಳ್ಳಿಯ ನಿವೃತ್ತ ಇತಿಹಾಸ ಉಪನ್ಯಾಸಕ ಶ್ರೀಕರ. "ವೈರಿಗೆ ಗುರುತೇ ಸಿಗೋದಿಲ್ಲ."

"ತೆಳು ತಗಡು ಸಾರ್ ಅವು. ಒಂದು ಗುಂಡು ಬಿದ್ರೆ ಮುಗೀತು," ಎಂದರು ಹೊಸನಗರದ ಗುತ್ತಿಗೆದಾರ ಅಂಜನಪ್ಪ.

"ಹಾಗಾದ್ರೆ ಬೇಡ ಅಂತೀರಾ?"

"ಬೇಡ ಅಂದ್ನಾ? ದಪ್ಪ ತಗಡು ಹೊಡಿಸ್ಬೇಕು ಅಂದೆ. ನಮ್ಮಲ್ಲೇ ಇದೆ."

"ತೋಪು?"

"ಸದ್ಯಕ್ಕೆ ಮಂಗ ಓಡ್ಸೋ ಪೈಪಿನ ಕೋವಿ ಕಟ್ಟಿದೀನಿ ಸಾರ್," ಎಂದು ಪೂರ್ಣೇಶ್ ಹಾರಿಸಿಯೇ ತೋರಿಸಿದರು. ದಂಡೆಯ ಬೆಳ್ಳಕ್ಕಿಗಳು ಎದ್ದು ಹಾರಿದವು. ಸಮಿತಿ ಇದನ್ನು ಶತ್ರುವಿನ ಹಿಮ್ಮೆಟ್ಟುವಿಕೆ ಎಂದು ದಾಖಲಿಸಿತು.

"ವೈರಿ ಯಾರು ಸಾಹೇಬ್ರೇ?" ದುಗ್ಗಮ್ಮ ಕೇಳಿದಳು.

"ಅದು ಟೆಂಡರ್ ಆದ್ಮೇಲೆ ತೀರ್ಮಾನ ಆಗ್ತದೆ ಅಮ್ಮ," ಎಂದರು ಪೂರ್ಣೇಶ್.

"ಯುದ್ಧ ಇಲ್ದಿದ್ ದಿನ ನಮ್ಮನ್ನ ದಾಟಿಸ್ತೀರಾ?"

"ಯುದ್ಧನೌಕೆಗೆ ಎಮ್ಮೆ ಹತ್ತಿಸೋ ಹಾಗಿಲ್ಲ."

"ಸೇತುವೆ ಸುತ್ತಿ ಆಸ್ಪತ್ರೆ ಮುಟ್ಟೋದ್ರೊಳಗೆ ಇದ್ರ ಕರು ಹಾಲು ಬಿಟ್ಟಿರ್ತದೆ."

ಈ ಅಭಿಪ್ರಾಯ ಕಾರ್ಯಸೂಚಿಯಲ್ಲಿ ಇರಲಿಲ್ಲ. ಪೂರ್ಣೇಶ್ ಗಂಟಲು ಸರಿಮಾಡಿಕೊಂಡು ಘೋಷಿಸಿದರು: "ಒಪ್ಪುವವರು ಎಡಕ್ಕೆ, ಒಪ್ಪದವರು ಬಲಕ್ಕೆ ನಿಲ್ಲತಕ್ಕದ್ದು."

ಸಮಿತಿ ಎಡಕ್ಕೆ ಹೋಯಿತು. ತಿಂಡಿ ಬಡಿಸುವವರು ಹೋದರು, ಚಾಲಕನೂ ಹೋದ. ಲಾಂಚು ಒಮ್ಮೆ ನರಳಿ ವಾಲಿತು. ಕೇಸರಿಬಾತಿನ ಪಾತ್ರೆ ತಾನಾಗಿಯೇ ಜಾರಿ ಎಡಪಕ್ಷ ಸೇರಿತು. ನೀರು ಬೂಟಿನೊಳಕ್ಕೆ ಬಂದರೂ ಯಾರೂ ಅಲುಗಲಿಲ್ಲ. ಅಲುಗಿದರೆ ಆಕ್ಷೇಪಣೆ ಎಂದಾದೀತು. ಮುಳುಗದೆ ನಿಂತದ್ದು ಬಲಗಡೆ ದುಗ್ಗಮ್ಮನೂ ಎಮ್ಮೆಯೂ ಇದ್ದದ್ದರಿಂದ.

ಗೊತ್ತುವಳಿ ಸರ್ವಾನುಮತದಿಂದ ಅಂಗೀಕಾರವಾಯಿತು. ನೌಕೆಯ ಸಮತೋಲ ತೃಪ್ತಿಕರವೆಂದೂ, ಯುದ್ಧಕಾಲದಲ್ಲಿ ಬಲಬದಿಗೆ ಒಂದು ಎಮ್ಮೆ ಮಂಜೂರು ಮಾಡತಕ್ಕದ್ದೆಂದೂ ಷರಾ ಸೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸರ್ವಾನುಮತ ಅಂದ್ಮೇಲೆ ಫೋಟೋದಲ್ಲೂ ಕಾಣ್ಬೇಕಲ್ರೀ," ಎಂದರು ಶ್ರೀಕರ.

ಪೂರ್ಣೇಶ್ ತಮ್ಮ ನಿಯಮದ ಹಲಗೆಯ ಕಡೆ ನೋಡಿದರು. ಅದೂ ಎಡಕ್ಕೇ ವಾಲಿತ್ತು. "ಬನ್ನಿ ಅಮ್ಮ, ಎಮ್ಮೇನೂ ಹೊಡ್ಕೊಂಡು ಈ ಕಡೆ ಬನ್ನಿ. ಒಂದೇ ನಿಮಿಷ."

ದುಗ್ಗಮ್ಮ ಎಮ್ಮೆಯ ಹಗ್ಗವನ್ನು ಬಲಗಡೆಯ ಕಂಬಕ್ಕೆ ಇನ್ನೊಂದು ಸುತ್ತು ಬಿಗಿದು, ಅದರ ಪಕ್ಕದಲ್ಲೇ ಕಾಲು ನೀಡಿ ಕೂತಳು.