ಹೊಸತೊಡಕಿಗೆ ಹುಟ್ಟಿದ ಪ್ರಯಾಣಿಕ

ಮಕ್ಕಳ ವಿಮಾನ ಪ್ರಯಾಣದ ಬಗ್ಗೆ ನನಗೆ ಎಲ್ಲ ಗೊತ್ತಿತ್ತು. ಎರಡು ವರ್ಷ ತುಂಬುವ ತನಕ ಅಮ್ಮನ ತೊಡೆಯೇ ಸೀಟು. ತುಂಬಿದ ಮೇಲೆ ಬೇರೆ ಸೀಟು. ತೊಡೆಯ ಮೇಲೆ ಕೂರುವವನಿಗೂ ಪಾಸ್‌ಪೋರ್ಟ್ ಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮಲೇಶಿಯಾದ ನಿಲಾಯ್‌ನ ಹೋಟೆಲೊಂದರಲ್ಲಿ ದೋಸೆ ಹುಯ್ಯುವವನಿಗೆ ಇದು ಸಣ್ಣ ವಿದ್ಯೆಯಲ್ಲ.

ನನ್ನ ತಂಗಿ ಸುಮಾ ಇರುವುದು ಪುತ್ರಜಯಾದ ಹತ್ತಿರ. ನಮ್ಮಿಬ್ಬರ ಕಿರಿಯ ತಮ್ಮನ ಮದುವೆ ಮಂಡ್ಯದಲ್ಲಿ, ಯುಗಾದಿ ಕಳೆದ ಮೂರನೇ ದಿನ. ಮದುಮಗನ ಜೊತೆ ಕಳಸ ಹಿಡಿದು ನಡೆಯಬೇಕಾದ ಕಳಸಗಿತ್ತಿ ಸುಮಾ. ಒಡಹುಟ್ಟಿದ ಹೆಣ್ಣು ಅವಳೊಬ್ಬಳೇ. ಅವಳ ಗಂಡ ಮುಂಚೆಯೇ ಊರಿಗೆ ಹೋಗಿದ್ದರು. ಸುಮಾ, ಅವಳ ಮಗ ಅಚ್ಚು ಮತ್ತು ನಾನು ಯುಗಾದಿಯ ದಿನ ಹೊರಡುವುದೆಂದಾಯಿತು. ಅಮಾವಾಸ್ಯೆಯಲ್ಲಿ ಹೊರಡಬಾರದೆಂದು ದಿನ ಆರಿಸಿದವನು ನಾನು. ಟಿಕೆಟ್ ಮಾಡಿಸುವ ಹೊಣೆ ಹೊತ್ತವನೂ ನಾನೇ.

"ಅಣ್ಣ, ಅಚ್ಚು ಪಾಸ್‌ಪೋರ್ಟ್ ಫೋಟೋ ಕಳ್ಸಿದೀನಿ. ನೋಡ್ಕೊಂಡು ಡೇಟ್ ಹಾಕು" ಎಂದಳು ಸುಮಾ.

"ಅಳಿಯ ಹುಟ್ಟಿದ ದಿನ ಸೋದರಮಾವಂಗೆ ಗೊತ್ತಿಲ್ವೇನೇ? ಹೊಸತೊಡಕಿನ ದಿನ. ಮಟನ್ ಸಾರು ಕುದೀತಿತ್ತು, ನಿನ್ ಗಂಡನ ಫೋನ್ ಬಂತು."

ಫೋಟೋ ತೆರೆದೂ ನೋಡಲಿಲ್ಲ. ಹೊಸತೊಡಕೆಂದರೆ ಯುಗಾದಿಯ ಮಾರನೇ ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಈ ವರ್ಷ ಅದು ಬಿದ್ದ ತಾರೀಖನ್ನು ಹುಡುಕಿದೆ, ವರ್ಷವನ್ನು ಮಾತ್ರ ಎರಡು ಹಿಂದಕ್ಕೆ ಸರಿಸಿ ತುಂಬಿದೆ. ಅಂದರೆ ನಾವು ಹೊರಡುವ ದಿನ ಅಚ್ಚುಗೆ ಎರಡು ತುಂಬಲು ಒಂದು ದಿನ ಬಾಕಿ; ಸುಮಾಳ ತೊಡೆಯೇ ಸಾಕು. ಯುಗಾದಿಯ ತಾರೀಖು ವರ್ಷವರ್ಷವೂ ಜರುಗುತ್ತದೆ ಎಂಬುದು ನನ್ನಂಥವನಿಗೂ ಗೊತ್ತಿರುವ ಸಂಗತಿ. ಆ ಹೊತ್ತಿಗೆ ಮಾತ್ರ ಗೊತ್ತಿರಲಿಲ್ಲ.

ಹೊರಡುವ ಹಿಂದಿನ ವಾರ ಡೇಕೇರಿನಲ್ಲಿ ಅಚ್ಚು ಕೈಯಲ್ಲಿ ಹುಟ್ಟುಹಬ್ಬದ ಕೇಕ್ ಕಟ್ ಮಾಡಿಸಿದ್ದರು. ಒಂದು ತುಂಡು ನಾನೂ ತಿಂದಿದ್ದೆ. ಅದು ಅವರ ಲೆಕ್ಕ, ನಮ್ಮದು ಬೇರೆ ಎಂದುಕೊಂಡು ಬಾಯಿ ಒರೆಸಿಕೊಂಡಿದ್ದೆ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ತಮಿಳು ಹುಡುಗಿ ಪಾಸ್‌ಪೋರ್ಟನ್ನೂ ಟಿಕೆಟನ್ನೂ ಎರಡೆರಡು ಸಲ ನೋಡಿದಳು.

"ಅಂಕಲ್, ಡೇಟ್ ಬೇರೆ ಬೇರೆ ಇದೆ ಲಾ. ಇವನು ಇನ್‌ಫೆಂಟ್ ಅಲ್ಲ. ಲಾಸ್ಟ್ ವೀಕೇ ಟೂ ಆಗಿದೆ."

ನಾನು ನನಗೆ ಬರುವ ತಮಿಳಿನಲ್ಲಿ ಹೊಸತೊಡಕಿನ ಮಹತ್ವವನ್ನು ವಿವರಿಸಿದೆ. ಅಂದು ಊರಿಗೆ ಊರೇ ಮಾಂಸದಡುಗೆ ಮಾಡುತ್ತದೆ, ಆದ್ದರಿಂದ ದಿನ ಮರೆಯುವ ಮಾತೇ ಇಲ್ಲ ಎಂದೆ. ಅವಳು ಕೊನೆಯ ತನಕ ಕೇಳಿದಳು.

"ಪಾಸ್‌ಪೋರ್ಟಲ್ಲಿ ಹಬ್ಬ ಬರೆಯಲ್ಲ, ಅಂಕಲ್."

ಸಾಕ್ಷಿಗೆಂದು ಅಚ್ಚುವನ್ನೇ ಮುಂದೆ ನಿಲ್ಲಿಸಿದೆ. "ಹೇಳೋ ಕಂದ, ನಿನಗೆ ವಯಸ್ಸೆಷ್ಟು?"

ಅವನು ಎರಡು ಬೆರಳು ಎತ್ತಿ, "ಟೂ" ಎಂದ.

ಸುಮಾ ನನ್ನ ಕಡೆ ತಿರುಗಿ, ಅವನ ಎರಡೂ ಬೆರಳನ್ನು ಮೆಲ್ಲಗೆ ಮಡಿಸಿದಳು.

ಮಗುವಿಗೆ ಬೇರೆ ಸೀಟು ಬೇಕು, ವಿಮಾನದಲ್ಲಿ ಸೀಟಿಲ್ಲ. ರಾಯಾ, ಅಂದರೆ ರಂಜಾನ್ ಹಬ್ಬದ ರಜೆಯ ನೂಕುನುಗ್ಗಲಿನಲ್ಲಿ, ಮದುವೆಗೆ ಮುಂಚೆ ಮುಟ್ಟಿಸುವ ಬೇರೆ ವಿಮಾನವೂ ಇಲ್ಲ. ಯಾರಾದರೂ ಟಿಕೆಟ್ ಬಿಟ್ಟುಕೊಟ್ಟರೆ ಆ ಜಾಗವನ್ನು ಮಗುವಿಗೆ ಕೊಡಬಹುದು ಎಂದಳು ಹುಡುಗಿ. ಯಾರಾದರೂ ಎಂದರೆ ಯಾರು? ಸಾಲಿನಲ್ಲಿ ಹಿಂದೆ ನಿಂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಬೇಡ ಅಣ್ಣ. ನೀನಿಲ್ದೆ ತಮ್ಮ ಹಸೆಮಣೆ ಮೇಲೆ ಹೆಂಗ್ ಕೂರ್ತಾನೆ?" ಎಂದಳು ಸುಮಾ.

"ಕಳಸ ಹಿಡಿಯೋಕೆ ನನಗೆ ಬರಲ್ಲ ಕಣೇ. ನೀನು ಹೋಗು" ಎಂದೆ.

ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ. ಹೋಟೆಲಿನಲ್ಲಿ ಕೊನೇ ಗಳಿಗೆಯಲ್ಲಿ ರಜೆ ರದ್ದು ಮಾಡಿದರು ಎಂದೆ. ಅವನು "ಎಂಥಾ ಜನ ಅಣ್ಣ ಅವ್ರು" ಎಂದ. ಹೂಂ ಎಂದೆ. ರಜೆಯ ಜೊತೆಗೆ ಒಂದು ಡಬ್ಬಿ ಮೈಸೂರುಪಾಕನ್ನೂ ಕೊಟ್ಟು ಕಳಿಸಿದ್ದ ಮಾಲೀಕರನ್ನು ನನ್ನ ತಮ್ಮ ಈಗಲೂ ಬೈಯುತ್ತಾನೆ. ನಾನು ಈಗಲೂ ತಿದ್ದಿಲ್ಲ. ತಪ್ಪು ಅವರದಲ್ಲ, ನನ್ನದು.

ಬೆಂಗಳೂರಿನಲ್ಲಿ ಇಳಿದ ಮೇಲೆ ಸುಮಾ ಫೋನ್ ಮಾಡಿದಳು.

"ಅಚ್ಚು ಸೀಟಲ್ಲಿ ಚೆನ್ನಾಗಿ ಕೂತಿದ್ನಾ?" ಎಂದು ಕೇಳಿದೆ.

"ಎಲ್ಲಿ ಕೂತ? ಬೆಲ್ಟ್ ಬಿಚ್ಚಿದ್ದೇ ತಡ, ನನ್ ತೊಡೆ ಮೇಲೆ ಬಂದು ಮಲಗ್ಬಿಟ್ಟ. ಇಳಿಯೋ ಹೊತ್ತಿಗೇ ಎದ್ದಿದ್ದು."

"ಮತ್ತೆ ನನ್ ಸೀಟು?"

"ಡೈಪರ್ ಬ್ಯಾಗ್ ಇಟ್ಟಿದ್ದೆ."

ನಮ್ಮ ಮನೆಯ ಮದುವೆಗೆ ಹಿರಿಯಣ್ಣನ ಜಾಗದಲ್ಲಿ ಹೋದದ್ದು ಒಂದು ಡೈಪರ್ ಬ್ಯಾಗು. ದಾರಿಯಲ್ಲಿ ಅದು ನನಗಿಂತ ಹೆಚ್ಚು ಉಪಯೋಗಕ್ಕೆ ಬಂತಂತೆ.